ಹಾಸ್ಟೆಲಿಂದ ಓಡಿಸಿದರೆ ಎಲ್ಲಿಗೆ ಹೋಗಬೇಕು?



ನಮ್ಮ ಹಾಸ್ಟೆಲುಗಳಲ್ಲಿ ಒಂದು ಆಟ ನಡೀತದೆ. ಯಾವನಾದರೂ ಹುಡುಗ ಮೆತ್ತಗೆ ಮಾತಾಡಿದರೆ, ಅವನ ನಡಿಗೆ ಬೇರೆ ತರ ಇದ್ದರೆ, 'ಒಂಬತ್ತು', 'ಚಕ್ಕ', 'ಹೆಣ್ಣಿಗ' ಅಂತ ಹೆಸರು ಬೀಳ್ತದೆ. ಸ್ನಾನಕ್ಕೆ ಹೋದಾಗ ಬಾಗಿಲು ಬಡೀತಾರೆ. ರಾತ್ರಿ ಹೊದಿಕೆ ಎಳೀತಾರೆ. ಊಟದ ಸಾಲಿನಲ್ಲಿ ತಟ್ಟೆ ಕಿತ್ತುಕೊಂಡು ಕುಣಿಸ್ತಾರೆ. ಹುಡುಗಿಯರ ಹಾಸ್ಟೆಲಿನಲ್ಲಿ ಆಟ ಬೇರೆ. ಇಬ್ಬರು ಹೆಣ್ಣುಮಕ್ಕಳು ಹೆಚ್ಚು ಹಚ್ಚಿಕೊಂಡಿದ್ದಾರೆ ಅಂತ ಗುಸುಗುಸು ಎದ್ದರೆ ಸಾಕು, ಊರಿಗೆ ಫೋನು ಹೋಗ್ತದೆ, ಅಪ್ಪ ಬಂದು ಕರಕೊಂಡು ಹೋಗ್ತಾನೆ, ಪರೀಕ್ಷೆಗೆ ಮೊದಲೇ ಮದುವೆ. ಆ ಹುಡುಗನೂ ಒಂದು ದಿನ ಟ್ರಂಕು ಎತ್ತಿಕೊಂಡು ಹೊರಡ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಒಂದು ಗೀಟು. ಅಷ್ಟೇ. ಎಲ್ಲಿಗೆ ಹೋದ ಅಂತ ಯಾರೂ ಕೇಳಲ್ಲ.

ನಾವು ಕೇಳ್ತೇವೆ. ಎಲ್ಲಿಗೆ ಹೋದ?

ಊರಿಗೆ ಹೋಗಿರಲಿಕ್ಕಿಲ್ಲ. ಊರಲ್ಲಿ ಅಣ್ಣ ದೊಣ್ಣೆ ಹಿಡಿದು ಕೂತಿರ್ತಾನೆ. ಅವ್ವ ದೆವ್ವ ಬಿಡಿಸುವವನಿಗೆ ಕಾಣಿಕೆ ಎತ್ತಿಟ್ಟಿರ್ತಾಳೆ. ಅವನು ಬಸ್ಸು ಹತ್ತಿ ಬೆಂಗಳೂರಿಗೋ ಮುಂಬಯಿಗೋ ಹೋಗ್ತಾನೆ. ಟ್ರಾಫಿಕ್ ಸಿಗ್ನಲಿನಲ್ಲಿ ಚಪ್ಪಾಳೆ ತಟ್ಟಿ ಕೈ ಚಾಚುವವರನ್ನು ನೋಡಿ ನಾವು ಬಸ್ಸಿನ ಕಿಟಕಿಯಿಂದ ನಗ್ತೇವಲ್ಲ, ಅವರಲ್ಲಿ ಒಬ್ಬರು ನಮ್ಮ ಜೊತೆ ಕೂತು ಪಿಯುಸಿ ಮುಗಿಸಬೇಕಾಗಿದ್ದವರು ಇರಬಹುದು. ಪುಸ್ತಕ ಹಿಡಿಯಬೇಕಾಗಿದ್ದ ಕೈಯನ್ನು ಚಾಚುವ ಹಾಗೆ ಮಾಡಿದವರಲ್ಲಿ ಮನೆಯವರಿದ್ದಾರೆ, ಊರಿದೆ, ಪೊಲೀಸರಿದ್ದಾರೆ. ಹಾಸ್ಟೆಲೂ ಇದೆ.

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವವರು, ಹಿಜ್ರಾಗಳು, ಕೋತಿಗಳು, ಜೋಗಪ್ಪಗಳು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು, ಇವರನ್ನೆಲ್ಲ ಒಟ್ಟಿಗೆ ಲೈಂಗಿಕ ಅಲ್ಪಸಂಖ್ಯಾತರು ಅಂತ ಕರೀತಾರೆ. ಇವರ ಸಂಘಟನೆಗಳು ನಮ್ಮ ರಾಜ್ಯದಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡಿಕೊಂಡು ಬಂದಿವೆ. ಬಿದ್ದವರನ್ನು ಎತ್ತುವ ಕೆಲಸ ಅವರು ಮಾಡಿದ್ದಾರೆ. ಬೀಳದ ಹಾಗೆ ಹಿಡಿಯುವ ಕೆಲಸ ಯಾರದು? ಒಂದೇ ಕೋಣೆಯಲ್ಲಿ ಮಲಗುವ ನಮ್ಮದು. ನಾವು ಹೇಳಬೇಕಾಗಿರೋದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ವಿವರಣೆ.

"ಇದೆಲ್ಲ ಪ್ಯಾಟೆಯ ಇಂಗ್ಲಿಷು ಹುಡುಗರ ಶೋಕಿ, ನಮಗೂ ಇದಕ್ಕೂ ಏನು ಸಂಬಂಧ?" ಅಂತ ಕೇಳುವವರಿದ್ದಾರೆ. ಅವರಿಗೆ ಸರ್ಕಾರದ ಲೆಕ್ಕವನ್ನೇ ತೋರಿಸೋಣ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದೆ 'ಇತರೆ' ಅಂತ ಬರೆಸಿದವರು ದೇಶದಲ್ಲಿ 4,87,803 ಜನ. ಅದರಲ್ಲಿ ಪರಿಶಿಷ್ಟ ಜಾತಿಯವರು 78,811, ಪರಿಶಿಷ್ಟ ಪಂಗಡದವರು 33,293. ನಾಲ್ಕು ಜನರಲ್ಲಿ ಹತ್ತಿರ ಹತ್ತಿರ ಒಬ್ಬರು ನಮ್ಮ ಕೇರಿಯವರು, ನಮ್ಮ ಹಟ್ಟಿಯವರು, ನಮ್ಮ ಹಾಡಿಯವರು. ಇದು ಬಾಯಿಬಿಟ್ಟು ಬರೆಸಿದವರ ಲೆಕ್ಕ ಮಾತ್ರ. ಮನೆಯಲ್ಲಿ ಹೆದರಿ ಸುಮ್ಮನಿದ್ದವರು ಇದರಲ್ಲಿಲ್ಲ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು ಎಷ್ಟು ಜನ ಅಂತ ಆ ಜನಗಣತಿ ಕೇಳಲೇ ಇಲ್ಲ. ಇವರಲ್ಲಿ ಓದು ಬಲ್ಲವರು ನೂರಕ್ಕೆ 56. ದೇಶದ ಒಟ್ಟು ಲೆಕ್ಕ ನೂರಕ್ಕೆ 74ರ ಹತ್ತಿರ ಇತ್ತು. ಈ ಅಂತರ ಶೋಕಿಯಿಂದ ಬಂದದ್ದಲ್ಲ. ಶಾಲೆಯಿಂದ, ಹಾಸ್ಟೆಲಿಂದ ಓಡಿಸಿದ್ದರಿಂದ ಬಂದದ್ದು.

ಇನ್ನು ಸಂಬಂಧದ ಮಾತು. 1871ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ನಾವು ಅದನ್ನು ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂತ ಓದಿದ್ದೇವೆ. ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಕಳ್ಳರು ಅಂತ ರಿಜಿಸ್ಟರಿನಲ್ಲಿ ಬರೆದು ಪೊಲೀಸರ ಹಾಜರಿಗೆ ನಿಲ್ಲಿಸಿದ ಕಾಯ್ದೆ ಅದು. ಅದು ಉತ್ತರ ಭಾರತದಲ್ಲಿ ಶುರುವಾಗಿ ಮುಂದೆ ದಕ್ಷಿಣಕ್ಕೂ ಇಳಿದು ನಮ್ಮ ಕೊರಚರ, ಕೊರಮರ ಅಜ್ಜಂದಿರನ್ನೂ ಹಿಡೀತು. ಆದರೆ 1871ರ ಆ ಕಾಯ್ದೆಗೆ ಎರಡು ಭಾಗ ಇತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ಭಾಗ ಬುಡಕಟ್ಟುಗಳ ಮೇಲೆ. ಎರಡನೇ ಭಾಗ ಹಿಜ್ರಾಗಳ ಮೇಲೆ. ಅವರ ಹೆಸರೂ ರಿಜಿಸ್ಟರಿಗೆ. ಸೀರೆ ಉಟ್ಟು ಬೀದಿಗೆ ಬಂದರೆ ವಾರಂಟಿಲ್ಲದೆ ಅರೆಸ್ಟು. ಹದಿನಾರು ತುಂಬದ ಹುಡುಗ ಜೊತೆಗಿದ್ದರೆ ಜೈಲು. ಉಯಿಲು ಬರೆಯುವ ಹಕ್ಕೂ ಇಲ್ಲ. ನಿಜಾಮನ ರಾಜ್ಯದಲ್ಲಿಯೂ 1919ರಲ್ಲಿ ಇಂಥದೇ ಕಾನೂನು ಬಂತು. ಆಗ ಬೀದರ್, ಕಲಬುರಗಿ, ರಾಯಚೂರು ಆ ರಾಜ್ಯದಲ್ಲಿದ್ದವು. ತೆಲಂಗಾಣ ಹೈಕೋರ್ಟು ಅದನ್ನು ಹೊಡೆದು ಹಾಕಿದ್ದು 2023ರಲ್ಲಿ.

ಬ್ರಿಟಿಷರು ಹೋದರು, ಮುಗೀತು ಅಂತೀರಾ? 2011ರಲ್ಲಿ ನಮ್ಮ ಕರ್ನಾಟಕದ ವಿಧಾನಸಭೆಯೇ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಸೆಕ್ಷನ್ ಸೇರಿಸಿತು. ಮತ್ತೆ ಅದೇ ರಿಜಿಸ್ಟರು, ಅದೇ ಅನುಮಾನ. ಸಂಘಟನೆಗಳು ಹೈಕೋರ್ಟಿಗೆ ಹೋಗಿ ಹೊಡೆದಾಡಿದ ಮೇಲೆ ಆ ಸೆಕ್ಷನ್ನಿನಿಂದ ಅವರ ಸಮುದಾಯದ ಹೆಸರು ತೆಗೆದರು. ಒಂದೇ ಕಾಯ್ದೆಯ ಎರಡು ಭಾಗಗಳಲ್ಲಿ ಬಿದ್ದವರು ನಾವು ಮತ್ತು ಅವರು. ಇದಕ್ಕಿಂತ ಹತ್ತಿರದ ನಂಟು ಯಾವುದಿದೆ?

ಈಗ ಎತ್ತಿ ಹಿಡಿದವರ ವಿಚಾರಕ್ಕೆ ಬರೋಣ.

ರಿಜಿಸ್ಟ್ರೇಷನ್ ಆಫೀಸು, ಲೆಟರ್‌ಹೆಡ್ಡು ಬರೋದಕ್ಕೆ ಮುಂಚೆಯೇ ಇವರಲ್ಲಿ ಆಸರೆಯ ಪದ್ಧತಿ ಇತ್ತು. ಮನೆ ಬಿಟ್ಟು ಬಂದ ಹುಡುಗನನ್ನು ಒಬ್ಬ ಗುರು ಮಗಳು ಅಂತ ಕರೆದು ಅನ್ನ ಹಾಕ್ತಾಳೆ. ಬೆಂಗಳೂರಿನ ಹಮಾಮುಗಳಲ್ಲಿ, ಯಲ್ಲಮ್ಮನ ಜೋಗತಿಯರ ಮೇಳಗಳಲ್ಲಿ ಇದು ನಡೆದು ಬಂದಿದೆ. ಮಂಜಮ್ಮ ಜೋಗತಿ ಅವರ ಬದುಕನ್ನೇ ನೋಡಿ. ಬಳ್ಳಾರಿ ಸೀಮೆಯ ಹುಡುಗ. ಮನೆಯವರು ದೇವರಿಗೆ ಬಿಟ್ಟು ಕೈ ತೊಳೆದುಕೊಂಡರು. ವಿಷ ಕುಡಿದು ಬದುಕಿ ಉಳಿದು, ಸೀರೆ ಉಟ್ಟು ಭಿಕ್ಷೆ ಬೇಡಿದರು. ಕಾಳವ್ವ ಜೋಗತಿ ಅವರು ಕರೆದು ಕುಣಿತ ಕಲಿಸಿದರು. 2019ರಲ್ಲಿ ಅದೇ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ನಡುವೆ ಒಬ್ಬ ಕಾಳವ್ವ ಇಲ್ಲದೇ ಹೋಗಿದ್ದರೆ? ಈ ಪದ್ಧತಿಯನ್ನು ನಾವು ಹೊಗಳಿ ಅಟ್ಟಕ್ಕೇರಿಸೋದಿಲ್ಲ. ಅದರಲ್ಲಿಯೂ ದುಡಿಮೆಯ ಪಾಲು, ಗುರುವಿನ ಸಾಲ, ದೇವರ ಹೆಸರಿನ ಕಟ್ಟುಪಾಡು ಇದ್ದೇ ಇದೆ. ದೇವರಿಗೆ ಬಿಡುವ ಪದ್ಧತಿ ನಮ್ಮ ಹೆಣ್ಣುಮಕ್ಕಳಿಗೆ ಏನು ಮಾಡಿದೆ ಅನ್ನೋದು ನಮಗೆ ಗೊತ್ತು. ಆದರೆ ಎಲ್ಲ ಬಾಗಿಲು ಹಾಕಿಕೊಂಡಾಗ ತೆರೆದದ್ದು ಅದೊಂದೇ ಬಾಗಿಲು.

ಹೊಸ ತರದ ಸಂಘಟನೆ ಬೆಂಗಳೂರಿನಲ್ಲಿ ಕಣ್ಣಿಗೆ ಬಿದ್ದದ್ದು 1994ರಲ್ಲಿ. 'ಗುಡ್ ಆ್ಯಸ್ ಯು' ಅಂತ ಒಂದು ಗುಂಪು ಗುರುವಾರ ಗುರುವಾರ ಸೇರಿ ಮಾತಾಡೋದಕ್ಕೆ ಶುರು ಮಾಡ್ತು. ಕೇವಲ ಮಾತು. ಅದೇ ಆಗ ದೊಡ್ಡದು, ಯಾಕೆಂದರೆ 377ನೇ ಸೆಕ್ಷನ್ ತಲೆ ಮೇಲೆ ತೂಗ್ತಿತ್ತು. 1999ರಲ್ಲಿ 'ಸಂಗಮ' ಹುಟ್ಟಿತು. ಅದು ಕ್ರಮೇಣ ಇಂಗ್ಲಿಷು ಬಲ್ಲವರ ಕೋಣೆಯಿಂದ ಹೊರಗೆ ಬಂದು ಬೀದಿಯ ಹಿಜ್ರಾಗಳ, ಕೋತಿಗಳ, ಲೈಂಗಿಕ ಕಾರ್ಯಕರ್ತೆಯರ ಜೊತೆ ನಿಂತಿತು. 'ಸ್ವಭಾವ' ಟ್ರಸ್ಟಿನವರು 'ಸಹಾಯ' ಅಂತ ಫೋನಿನ ಸಹಾಯವಾಣಿ ನಡೆಸಿದರು. ಹೆಸರು ಹೇಳದೆ ಅಳಬಹುದಾದ ಒಂದು ಜಾಗ ಅದು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು, ಗಂಡಾಗಿ ಬಾಳುವವರು ಸೇರಿ 'ಲೆಸ್ಬಿಟ್' ಕಟ್ಟಿಕೊಂಡರು. ಮುಂದೆ 'ಪಯಣ', 'ಜೀವ', ಅಕ್ಕಯ್ ಪದ್ಮಶಾಲಿ ಅವರ 'ಒಂದೆಡೆ' ಬಂದವು. ಇವನ್ನು ಆ ಸಮುದಾಯದವರೇ ಮುಂದೆ ನಿಂತು ನಡೆಸಿದರು.

ಇವರು ಮಾಡಿದ ಕೆಲಸ ಏನು? ಪೊಲೀಸು ಹಿಡಿದರೆ ರಾತ್ರಿಯಾದರೂ ಠಾಣೆಗೆ ಹೋಗೋದು. ಮನೆಯಲ್ಲಿ ಕೂಡಿ ಹಾಕಿದರೆ ಬಿಡಿಸೋದು. ಓಡಿ ಬಂದವರಿಗೆ ಇರೋಕೆ ಜಾಗ ಹುಡುಕೋದು. ಡಾಕ್ಟರ ಹತ್ತಿರ, ವಕೀಲರ ಹತ್ತಿರ ಕರಕೊಂಡು ಹೋಗೋದು. 2001ರಲ್ಲಿ ಮತ್ತು 2003ರಲ್ಲಿ ಪಿಯುಸಿಎಲ್ ಕರ್ನಾಟಕದವರು ಎರಡು ವರದಿ ತಂದರು. ಪೊಲೀಸರ ಸುಲಿಗೆ, ಠಾಣೆಯೊಳಗಿನ ಹಿಂಸೆ, ಮನೆಯವರ ಹೊಡೆತ, ವಾಸಿ ಮಾಡ್ತೇವೆ ಅಂತ ಡಾಕ್ಟರುಗಳು ಕೊಡುವ ಚಿತ್ರಹಿಂಸೆ, ಎಲ್ಲ ಅದರಲ್ಲಿ ಬರೆದಿದೆ. 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಇವರ ಮೊದಲ ಸ್ವಾಭಿಮಾನ ಮೆರವಣಿಗೆ ಹೊರಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗಿರಿನಗರದ ಪೊಲೀಸರು ಐದು ಜನ ಹಿಜ್ರಾಗಳನ್ನು ಹಿಡಿದರು. ಯಾಕೆ ಅಂತ ಕೇಳೋಕೆ ಹೋದ ಸಂಗಮದ ಕಾರ್ಯಕರ್ತರನ್ನೂ ಹಿಡಿದರು. ಅದನ್ನು ವಿರೋಧಿಸಿ ಹೊರಗೆ ನಿಂತವರನ್ನೂ ಹಿಡಿದರು. ಠಾಣೆಯ ಮುಂದೆ ಕೇಳೋಕೆ ಹೋದವನೇ ಆರೋಪಿ ಆಗೋದು ನಮಗೆ ಹೊಸದೇ?

ಒಂದು ಸಂಘಟನೆ ಒಬ್ಬ ಮನುಷ್ಯಳನ್ನು ಹೇಗೆ ಎತ್ತಿ ನಿಲ್ಲಿಸ್ತದೆ ಅನ್ನೋದಕ್ಕೆ ರೇವತಿ ಅವರ ಬದುಕು ಸಾಕು. ತಮಿಳುನಾಡಿನ ಹಳ್ಳಿಯಿಂದ ಹದಿಹರೆಯದಲ್ಲಿ ಮನೆ ಬಿಟ್ಟವರು, ಬೆಂಗಳೂರಿನ ಹಮಾಮಿನಲ್ಲಿ ಬದುಕಿದವರು. ಸಂಗಮದಲ್ಲಿ ಆಫೀಸು ಸಹಾಯಕರಾಗಿ ಸೇರಿ ಅಲ್ಲಿಯೇ ನಿರ್ದೇಶಕರಾದರು. ತಮ್ಮ ಕಥೆ ತಾವೇ ಬರೆದರು. ಅದನ್ನು ಕನ್ನಡಕ್ಕೆ 'ಬದುಕು ಬಯಲು' ಅಂತ ತಂದವರು ನಮ್ಮ ದು. ಸರಸ್ವತಿ. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕ ಮಾಡಿ ಊರೂರು ತಿರುಗಿಸಿತು. ಹಾಸ್ಟೆಲಿನ ಲೈಬ್ರರಿಯಲ್ಲಿ ಈ ಪುಸ್ತಕ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ತರಿಸಿ.

ಕೋರ್ಟುಗಳ ಕಥೆಯನ್ನು ಬೇಗ ಮುಗಿಸ್ತೇವೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟು 377ರ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಮತ್ತೆ ಹಲ್ಲು ಕಟ್ಟಿತು. 2014ರ ಏಪ್ರಿಲ್ 15ರಂದು ಅದೇ ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ಮೂರನೆಯದೋ ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ ಅಂದಿತು. 2018ರ ಸೆಪ್ಟೆಂಬರ್ 6ರಂದು ಐದು ನ್ಯಾಯಾಧೀಶರು ಸೇರಿ, ವಯಸ್ಸಿಗೆ ಬಂದವರು ಒಪ್ಪಿ ಪ್ರೀತಿಸೋದು ಅಪರಾಧ ಅಲ್ಲ ಅಂತ ತೀರ್ಮಾನ ಕೊಟ್ಟರು. ಒಳ್ಳೇದು. ಆದರೆ 1955ರಲ್ಲಿ ಅಸ್ಪೃಶ್ಯತೆ ಅಪರಾಧ ಅಂತ ಕಾಯ್ದೆ ಬಂತು, ಊರಿನ ಹೋಟೆಲಿನಲ್ಲಿ ಎರಡು ಲೋಟ ಹೋಯ್ತಾ? ಕಾನೂನು ಪುಸ್ತಕದಲ್ಲಿ ಬದಲಾದದ್ದು ಹಾಸ್ಟೆಲಿನ ಬಚ್ಚಲಿಗೆ ತಾನಾಗಿ ಬರೋದಿಲ್ಲ.

ಈ ಸಂಘಟನೆಗಳಲ್ಲಿ ಕೊರತೆ ಇಲ್ಲವೇ ಅಂದರೆ, ಇದೆ. ಬಹಳಷ್ಟು ದುಡ್ಡು ಏಡ್ಸ್ ತಡೆಯುವ ಯೋಜನೆಗಳಿಂದ ಬಂತು. ಆ ಯೋಜನೆಗೆ ಬೇಕಾಗಿದ್ದದ್ದು ಎಷ್ಟು ಕಾಂಡೋಮ್ ಹಂಚಿದಿರಿ ಅನ್ನೋ ಲೆಕ್ಕ. ಹದಿನಾರರ ಹುಡುಗ ಯಾಕೆ ಸಾಯೋ ಮಾತಾಡ್ತಾನೆ ಅನ್ನೋದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ಹದಿನೆಂಟು ತುಂಬದವರ ಹತ್ತಿರ ಹೋಗೋಕೆ ಕಾರ್ಯಕರ್ತರೇ ಹೆದರ್ತಿದ್ದರು. ಮಕ್ಕಳನ್ನು ಕೆಡಿಸ್ತಾರೆ ಅಂತ ಕೇಸು ಬಿದ್ದರೆ? 2001ರ ಜುಲೈನಲ್ಲಿ ಲಖನೌದಲ್ಲಿ ಏಡ್ಸ್ ತಡೆಯುವ ಕೆಲಸ ಮಾಡ್ತಿದ್ದವರನ್ನೇ 377ರ ಹೆಸರಲ್ಲಿ ಹಿಡಿದು 47 ದಿನ ಜೈಲಿನಲ್ಲಿ ಇಟ್ಟಿದ್ದರು. ಅವರ ಹೆದರಿಕೆಗೆ ಅರ್ಥ ಇತ್ತು. ಆದರೆ ಅದರ ಫಲವಾಗಿ ಆಸರೆ ಹೆಚ್ಚು ಬೇಕಾದ ವಯಸ್ಸಿನವರಿಗೇ ಆಸರೆ ಕಡಿಮೆ ಆಯ್ತು. ಆಫೀಸುಗಳೂ ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಸಿಂಧನೂರಿನ, ಪಾವಗಡದ ಹಾಸ್ಟೆಲಿನಲ್ಲಿ ಅಳುವವನಿಗೆ ಬೆಂಗಳೂರು ದೂರ.

ಇನ್ನೊಂದು ಕೊರತೆ ಜಾತಿಯದು. ಮೆರವಣಿಗೆಯಲ್ಲಿ ಬಣ್ಣದ ಬಾವುಟ ಹಿಡಿದವರೆಲ್ಲ ಮನೆಗೆ ಹೋಗಿ ಎಲ್ಲರಿಗೂ ಒಂದೇ ಲೋಟದಲ್ಲಿ ನೀರು ಕೊಡ್ತಾರೆ ಅಂತ ನಾವು ನಂಬೋದಿಲ್ಲ. 2015ರಲ್ಲಿ ದೆಹಲಿಯ ಮೆರವಣಿಗೆಯಲ್ಲಿ ಕೆಲವು ದಲಿತ ಯುವಕರು ತಮ್ಮ ಜಾತಿಯನ್ನೂ ತಮ್ಮ ಪ್ರೀತಿಯನ್ನೂ ಒಂದೇ ಫಲಕದಲ್ಲಿ ಬರೆದುಕೊಂಡು ನಡೆದರು. ಎರಡರಲ್ಲಿ ಯಾವುದನ್ನೂ ಬಚ್ಚಿಡೋದಿಲ್ಲ ಅಂತ. ತಮಿಳುನಾಡಿನ ಗ್ರೇಸ್ ಬಾನು, ದಲಿತ ಮನೆಯಲ್ಲಿ ಹುಟ್ಟಿ ಇಂಜಿನಿಯರಿಂಗ್ ಕಾಲೇಜಿಗೆ ಹೋರಾಡಿ ಸೇರಿದವರು, ಇನ್ನೂ ಮುಖ್ಯವಾದ ಪ್ರಶ್ನೆ ಎತ್ತಿದರು. ಮಂಗಳಮುಖಿಯರನ್ನೆಲ್ಲ ಹಿಂದುಳಿದ ವರ್ಗದ ಪಟ್ಟಿಗೆ ಹಾಕಿದರೆ ದಲಿತ ಮಂಗಳಮುಖಿ ತನ್ನ ಜಾತಿಯ ಮೀಸಲಾತಿ ಬಿಡಬೇಕಾ? ಅದಕ್ಕೇ ಪ್ರತಿ ವರ್ಗದ ಒಳಗೂ ಅವರಿಗೆ ಪಾಲು ಇರಬೇಕು ಅಂತ ಅವರ ವಾದ. ಇದನ್ನೇ ಅಡ್ಡ ಮೀಸಲಾತಿ ಅಂತಾರೆ. ಕರ್ನಾಟಕದಲ್ಲಿ ಪೊಲೀಸ್ ನೇಮಕಾತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಕಾಲಂ ಇತ್ತು ಅಂತ 2020ರಲ್ಲಿ ಸಂಗಮದವರು ಹೈಕೋರ್ಟಿಗೆ ಹೋದರು, 'ಜೀವ' ಜೊತೆಗೂಡಿತು. 2021ರಲ್ಲಿ ಸರ್ಕಾರ ನೇರ ನೇಮಕಾತಿಯಲ್ಲಿ ಸಾಮಾನ್ಯ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಎಲ್ಲದರ ಒಳಗೂ ನೂರಕ್ಕೆ 1ರ ಪಾಲು ಕೊಟ್ಟು ನಿಯಮ ತಿದ್ದಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಆದರೆ ನೌಕರಿಗೆ ಅರ್ಜಿ ಹಾಕಬೇಕಾದರೆ ಡಿಗ್ರಿ ಬೇಕು. ಡಿಗ್ರಿ ಮುಗಿಯೋತನಕ ಹಾಸ್ಟೆಲಿನಲ್ಲಿ ಉಳಿಯಬೇಕು. ಪಿಯುಸಿಯಲ್ಲೇ ಓಡಿಸಿದವನಿಗೆ ಆ ಒಂದು ಪರ್ಸೆಂಟು ಯಾವ ಕೆಲಸಕ್ಕೆ?

"ಎಲ್ಲ ಸರಿ, ಆದರೆ ಈಗ ಬೇಡ. ನಮ್ಮ ಹೋರಾಟಕ್ಕೆ ಕೆಟ್ಟ ಹೆಸರು ಬರ್ತದೆ" ಅಂತ ನಮ್ಮೊಳಗೇ ಹೇಳುವವರಿದ್ದಾರೆ. ಈ ಮಾತು ಅಮೆರಿಕದ ಕಪ್ಪು ಜನರ ಚಳವಳಿಯಲ್ಲೂ ಬಂದಿತ್ತು. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆ ಎಲ್ಲರಿಗೂ ಗೊತ್ತು, ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ದಿನ. ಆ ಮೆರವಣಿಗೆಯನ್ನು ಕಟ್ಟಿದವರು ಬೇಯಾರ್ಡ್ ರಸ್ಟಿನ್. ಅವರು ಗಂಡನ್ನು ಪ್ರೀತಿಸುವ ಗಂಡು. ಅದೇ ಕಾರಣಕ್ಕೆ ಅದಕ್ಕೂ ಮೊದಲು ಸಂಗಾತಿಗಳೇ ಅವರನ್ನು ದೂರ ಇಟ್ಟಿದ್ದರು. ಮೆರವಣಿಗೆಗೆ ಕೆಲವೇ ದಿನ ಇದ್ದಾಗ ಬಿಳಿಯ ಸೆನೆಟರ್ ಒಬ್ಬ ಸಂಸತ್ತಿನಲ್ಲಿ ನಿಂತು ಅವರ ಹೆಸರೆತ್ತಿ ಕೆಸರೆರಚಿದ. ಆಗ ಹಿರಿಯ ನಾಯಕ ರ್‍ಯಾಂಡಾಲ್ಫ್ ಅವರ ಪರ ಗಟ್ಟಿಯಾಗಿ ನಿಂತರು. ಮೆರವಣಿಗೆ ಮುರಿಯಲಿಲ್ಲ. 1970ರ ಆಗಸ್ಟ್ 15ರಂದು ಬ್ಲ್ಯಾಕ್ ಪ್ಯಾಂಥರ್ ನಾಯಕ ಹ್ಯೂಯಿ ನ್ಯೂಟನ್ ತಮ್ಮವರಿಗೇ ಒಂದು ಕಾಗದ ಬರೆದರು. ಹೆಂಗಸರ ಹೋರಾಟ, ಸಲಿಂಗ ಪ್ರೇಮಿಗಳ ಹೋರಾಟ ನಮ್ಮ ಹೋರಾಟದ ಗೆಳೆಯರು, ಅವರನ್ನು ಹಳಿಯುವ ಬೈಗುಳ ನಮ್ಮ ಬಾಯಲ್ಲಿ ಬರಬಾರದು ಅನ್ನೋದು ಅದರ ತಿರುಳು. ಎರಡು ವರ್ಷ ಕಳೆದ ಮೇಲೆ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಆ ಪ್ಯಾಂಥರುಗಳಿಂದ. ಹೆಸರು ತಗೊಂಡೆವು. ಆ ಕಾಗದ ಇನ್ನೂ ಓದಬೇಕಾಗಿದೆ.

ಗೆಳೆಯರೇ, 1973ರ ಬೂಸಾ ಗಲಾಟೆಯಲ್ಲಿ ದಲಿತ ಹುಡುಗರ ಮೇಲೆ ಕೈ ಬಿದ್ದಾಗ ಹಾಸ್ಟೆಲುಗಳೇ ನಮಗೆ ಕೋಟೆ ಆದವು. ಊರಲ್ಲಿ ಬಾಡಿಗೆ ಮನೆ ಕೊಡದವರ ನಡುವೆ ಒಂದು ಚಾಪೆ, ಒಂದು ಟ್ರಂಕು ಇಡುವ ಜಾಗ ಸಿಕ್ಕಿದ್ದರಿಂದ ನಾವು ಓದಿದೆವು. ಆ ಚಾಪೆಯಷ್ಟು ಜಾಗವನ್ನು ಇನ್ನೊಬ್ಬನಿಂದ ಕಿತ್ತುಕೊಳ್ಳುವ ಹಕ್ಕನ್ನು ನಮಗೆ ಯಾರು ಕೊಟ್ಟರು? ಕೇರಿಯ ಹೊರಗೆ ಇನ್ನೊಂದು ಕೇರಿ ಕಟ್ಟೋದಕ್ಕೆ ಬಾಬಾಸಾಹೇಬರು ನಮ್ಮನ್ನು ಓದಿಸಲಿಲ್ಲ.

ಆದ್ದರಿಂದ ಪ್ರತಿ ಹಾಸ್ಟೆಲಿನ ಘಟಕ ಇಷ್ಟು ಕೆಲಸ ಮಾಡಬೇಕು:

1. ಬೈಗುಳದ ಹೆಸರಿಡೋದು, ಬಚ್ಚಲಿನಲ್ಲಿ ಕಾಡೋದು ಇವತ್ತೇ ನಿಲ್ಲಬೇಕು. ಇದು ಬರೀ ನೀತಿಯ ಮಾತಲ್ಲ. ಯುಜಿಸಿ 2016ರಲ್ಲಿ ರ್‍ಯಾಗಿಂಗ್ ನಿಯಮ ತಿದ್ದಿ, ಜಾತಿಯ ಕಾರಣಕ್ಕೆ ಹಿಂಸಿಸೋದು, ಲಿಂಗತ್ವದ ಕಾರಣಕ್ಕೆ ಹಿಂಸಿಸೋದು, ಯಾರನ್ನು ಪ್ರೀತಿಸ್ತಾರೆ ಅನ್ನೋ ಕಾರಣಕ್ಕೆ ಹಿಂಸಿಸೋದು ಎಲ್ಲವೂ ರ್‍ಯಾಗಿಂಗೇ ಅಂತ ಒಂದೇ ವಾಕ್ಯದಲ್ಲಿ ಬರೆದಿದೆ. ಆ ನಿಯಮವನ್ನು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ.

2. ಯಾರಾದರೂ ನಂಬಿ ತಮ್ಮ ಗುಟ್ಟು ಹೇಳಿಕೊಂಡರೆ ಅದು ನಿಮ್ಮಲ್ಲೇ ಇರಲಿ. ರೂಮ್‌ಮೇಟಿಗೆ, ವಾರ್ಡನ್ನಿಗೆ, ಊರಿನವರಿಗೆ ಹೇಳೋದು ನಿಮ್ಮ ಕೆಲಸ ಅಲ್ಲ. ಒಂದು ಫೋನಿಂದ ಒಂದು ಜೀವ ಹೋಗಬಹುದು.

3. ಸಾಯುವ ಮಾತಾಡಿದರೆ ನಗಬೇಡಿ, ಒಬ್ಬರನ್ನೇ ಬಿಡಬೇಡಿ. ಜೊತೆಗೆ ಕೂತುಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ನೀವೇ ಜೊತೆಯಲ್ಲಿದ್ದು ಫೋನು ಮಾಡಿಸಿ.

4. ದೆವ್ವ ಬಿಡಿಸೋದು, ಶಾಕ್ ಕೊಟ್ಟು ಸರಿ ಮಾಡ್ತೇವೆ ಅನ್ನೋದು ಮೋಸ. ಇದು ಕಾಯಿಲೆಯೇ ಅಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟು ಇಂಥ 'ಚಿಕಿತ್ಸೆ'ಯನ್ನು ತಡೆಯಬೇಕು ಅಂದಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಅಂತ ಸಾರಿತು. ಮನೆಯವರು ಕೇಳಿದರೆ ಇದನ್ನು ತಿಳಿಸಿ ಹೇಳಿ.

5. ನಮ್ಮ ಸಭೆಗಳಿಗೆ ಈ ಸಂಘಟನೆಗಳವರನ್ನು ಕರೆಯಿರಿ. ವೇದಿಕೆಯ ಮೂಲೆಯಲ್ಲಿ ಅಲ್ಲ, ಜೊತೆಯಲ್ಲಿ ಕೂರಿಸಿ. ಅವರ ಸಭೆಗೆ ನೀವೂ ಹೋಗಿ. ಅಲ್ಲಿ ಜಾತಿ ಕಂಡರೆ ಅದನ್ನೂ ಎದುರಿಗೇ ಕೇಳಿ.

6. ಸರ್ಕಾರದ ಹಾಸ್ಟೆಲುಗಳ ಬೋರ್ಡಿನ ಮೇಲೆ 'ಬಾಲಕರ', 'ಬಾಲಕಿಯರ' ಅಂತ ಎರಡೇ ಪದ ಕಾಣ್ತವೆ. ಎರಡಕ್ಕೂ ಸೇರದ ವಿದ್ಯಾರ್ಥಿ ಎಲ್ಲಿ ಮಲಗಬೇಕು ಅಂತ ಸಮಾಜ ಕಲ್ಯಾಣ ಇಲಾಖೆಗೆ ಬರೆದು ಕೇಳಿ. ನೌಕರಿಯಲ್ಲಿ ಬಂದ ಅಡ್ಡ ಮೀಸಲಾತಿ ಕಾಲೇಜು, ಹಾಸ್ಟೆಲ್, ಸ್ಕಾಲರ್‌ಶಿಪ್ಪಿಗೂ ಬರಬೇಕು ಅಂತ ಮನವಿ ಕೊಡಿ.

ಇದಕ್ಕೆ ದುಡ್ಡು ಬೇಕಾಗಿಲ್ಲ. ಯಾವ ಪ್ರಾಜೆಕ್ಟೂ ಬೇಕಾಗಿಲ್ಲ. ಒಬ್ಬ ಹುಡುಗ ಟ್ರಂಕು ಎತ್ತಿಕೊಂಡಾಗ ಬಾಗಿಲಿಗೆ ಅಡ್ಡ ನಿಂತು "ಎಲ್ಲಿಗೆ ಹೋಗ್ತೀಯ? ಇಲ್ಲೇ ಇರು, ನಾವಿದ್ದೀವಿ" ಅನ್ನೋ ಇಬ್ಬರು ಪ್ರತಿ ಹಾಸ್ಟೆಲಿನಲ್ಲೂ ಇದ್ದರೆ ಸಾಕು. ಆ ಇಬ್ಬರು ನೀವಾಗಿ.

ಜೈ ಭೀಮ್.